ಮೈನಸ್ ಎರಡೂಕಾಲು

ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕನ್ನಡಕದ ಅಂಗಡಿಯಿದೆ. ಅಲ್ಲಿ ಕಣ್ಣು ಟೆಸ್ಟ್ ಮಾಡಿ ನಂಬರ್ ಬರೆದುಕೊಡುವವಳು ನಾನು, ಸುಮನಾ. ಮನೆ ತುಮಕೂರಿನ ಬಟವಾಡಿಯಲ್ಲಿ. ಹನ್ನೊಂದು ವರ್ಷದಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೇನೆ. ಏನಿಲ್ಲವೆಂದರೂ ದಿನಕ್ಕೆ ಏಳೆಂಟು ಮಕ್ಕಳನ್ನು ಆ ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿ, ಗೋಡೆಯ ಮೇಲಿನ ಅಕ್ಷರ ಓದಿಸುತ್ತೇನೆ. ಓದಲಾಗದ ಮಗುವಿಗೆ ನಾನು ಏನೂ ಅನ್ನುವುದಿಲ್ಲ. ಪಕ್ಕದಲ್ಲಿ ನಿಂತ ದೊಡ್ಡವರನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ.

ಈ ಫೆಬ್ರವರಿಯಲ್ಲಿ ಸಿ.ಎಸ್. ಪುರದಿಂದ ದ್ಯಾವಪ್ಪ ಅನ್ನುವವರು ಮೊಮ್ಮಗನನ್ನು ಕರೆತಂದಿದ್ದರು. ಹುಡುಗ ಎರಡನೇ ಸಾಲಿಗೇ ತಡವರಿಸಿದ.

"ಮೊಬೈಲ್ ಕೊಡ್ತೀರಾ?" ಅಂದೆ.

"ಉಣ್ಣೋವಾಗ ಮಾತ್ರ ಕಣಮ್ಮ."

"ದಿನಕ್ಕೆ ಎಷ್ಟ್ ಸಲ ಉಣ್ತಾನೆ, ಹತ್ತು ಸಲಾನಾ? ನೋಡಿ ಇಲ್ಲಿ, ಕಣ್ಣು ಹೆಂಗೆ ಕಿರಿದು ಮಾಡ್ತಾವ್ನೆ. ಕೈಯಾರೆ ಹಾಳ್ ಮಾಡ್ಬಿಟ್ಟು ಆಮೇಲೆ ಕನ್ನಡಕ ಹುಡುಕ್ಕೊಂಡು ಬರ್ತೀರಲ್ಲ, ಏನ್ ಹೇಳಣ ನಿಮ್ಗೆ!"

ಪಾಪ, ಆ ಮನುಷ್ಯ ಟವಲಿನಿಂದ ಮುಖ ಒರೆಸಿಕೊಂಡರು. ಹೀಗೆ ಊರಿಗೆಲ್ಲ ಭಾಷಣ ಬಿಗಿಯುವ ನನ್ನ ಮನೆಯ ಕಥೆ ಏನು ಗೊತ್ತೇ? ಅದೇ ವಾರ ನನ್ನ ಸ್ವಂತ ಮಗಳನ್ನು ಅದೇ ಕುರ್ಚಿಯ ಮೇಲೆ ಕೂರಿಸಿದೆ. ಮೈನಸ್ ಎರಡೂಕಾಲು ಬಂತು. ಎರಡೂ ಕಣ್ಣು.

ಮಗಳ ಹೆಸರು ಶರಣ್ಯ. ಎಂಟು ವರ್ಷ, ಮೂರನೇ ಕ್ಲಾಸು. ಕಳೆದ ಜೂನಿನಲ್ಲಿ ಅವಳ ನಂಬರ್ ಮೈನಸ್ ಒಂದು ಇತ್ತು. ಹೋಗಲಿ, ಈಗಿನ ಮಕ್ಕಳಲ್ಲಿ ಒಂದು ಅನ್ನುವುದು ದೊಡ್ಡದಲ್ಲ ಎಂದು ಸಮಾಧಾನ ಮಾಡಿಕೊಂಡೆ. ನವೆಂಬರಿನಲ್ಲಿ ಒಂದೂಮುಕ್ಕಾಲು ಆಯಿತು. ಈಗ ಎರಡೂಕಾಲು. ಲೆನ್ಸ್ ಬದಲಾಯಿಸಿ ಬದಲಾಯಿಸಿ ನೋಡಿದೆ, ಎಲ್ಲೋ ನಾನೇ ತಪ್ಪು ಮಾಡಿರಬೇಕು ಎಂದು. ತಪ್ಪಿರಲಿಲ್ಲ. ಅವತ್ತು ವಾಪಸ್ ಬರುವಾಗ ಹೆಗ್ಗೆರೆ ದಾಟುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆಗೆ ತಿರುಗಿ ಅತ್ತೆ. ಮಡಿಲಲ್ಲಿ ಮಲಗಿದ್ದ ಮಗಳಿಗೆ ಅದು ಗೊತ್ತಾಗಲಿಲ್ಲ.

ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹನಿ ಹಾಕಿ, ಲೈಟು ಬಿಟ್ಟು ನೋಡಿ, "ಎಂಟು ತಿಂಗಳಿಗೆ ಒಂದೂಕಾಲು ಏರಿದೆ. ಈ ವಯಸ್ಸಿಗೆ ಇದು ಬಹಳ ಸ್ಪೀಡು. ಹೀಗೇ ಹೋದ್ರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಎಂಟೋ ಒಂಬತ್ತೋ ಆಗುತ್ತೆ. ಆಮೇಲೆ ಕಣ್ಣಿನ ಒಳಪದರಕ್ಕೇ ಅಪಾಯ. ಏನಮ್ಮಾ, ಮೊಬೈಲ್ ಎಷ್ಟು ಹೊತ್ತು?" ಅಂದರು.

"ದಿನಕ್ಕೆ ಅರ್ಧ ಗಂಟೆ ಸರ್. ಅದೂ ನನ್ನೆದುರಿಗೆ."

ಡಾಕ್ಟರು ಸಣ್ಣಗೆ ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ನಾನೂ ಅಂಗಡಿಯಲ್ಲಿ ಹಾಗೇ ನಗುತ್ತೇನೆ. ಸುಳ್ಳು ಹೇಳುತ್ತಿದ್ದಾಳೆ, ಹೇಳಲಿ ಬಿಡು ಅನ್ನುವ ನಗು. ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಾನು ಸುಳ್ಳು ಹೇಳಿರಲಿಲ್ಲ!

ನಮ್ಮ ಮನೆಯಲ್ಲಿ ನಾನು ಮಾಡಿಟ್ಟ ಕಾನೂನು ಕೇಳಿದರೆ ನೀವೂ ನಗುತ್ತೀರಿ. ಒಂದೂಮುಕ್ಕಾಲು ಆದ ದಿನವೇ ಟಿ.ವಿ. ಕೇಬಲ್ ತೆಗೆಸಿದೆ. ಸ್ಕೂಲಿನ ಆನ್‌ಲೈನ್ ಕ್ಲಾಸಿಗೆಂದು ತಂದಿದ್ದ ಟ್ಯಾಬನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಗುಬ್ಬಿಗೆ ತೆಗೆದುಕೊಂಡು ಹೋಗತೊಡಗಿದೆ. ವೈಫೈ ಪಾಸ್‌ವರ್ಡನ್ನು ವಾರಕ್ಕೊಮ್ಮೆ ಬದಲಾಯಿಸಿದೆ. ಸಂಜೆ ಮನೆಗೆ ಬಂದವರು ಯಾರೇ ಆಗಲಿ, ಫೋನನ್ನು ನಡುಮನೆಯ ಬುಟ್ಟಿಯಲ್ಲಿ ಹಾಕಬೇಕು. ರಾತ್ರಿ ಊಟವಾದ ಮೇಲೆ ಮಗಳಿಗೆ ಅರ್ಧ ಗಂಟೆ ಫೋನು, ಗಡಿಯಾರ ನೋಡಿಕೊಂಡು, ಕೈಯಳತೆಯ ದೂರದಲ್ಲಿಟ್ಟು, ಪೂರ್ತಿ ಲೈಟು ಹಾಕಿ. ಇಷ್ಟು ಮಾಡಿಯೂ ನಂಬರ್ ಏರುತ್ತದೆ ಅಂದರೆ ಯಾವ ತಾಯಿಗೆ ತಲೆ ಕೆಡುವುದಿಲ್ಲ ಹೇಳಿ?

"ನಮ್ಮನೆ ಜೈಲಾಗೋಯ್ತು ಕಣೇ ಸುಮಾ," ಎನ್ನುತ್ತಿದ್ದರು ನಮ್ಮವರು, ಗುರುಪ್ರಕಾಶ್. ಅವರದು ಮೋಟಾರ್ ರೀವೈಂಡಿಂಗ್ ಅಂಗಡಿ. ಬುಟ್ಟಿಗೆ ಫೋನ್ ಹಾಕಿದ ಹಾಗೆ ಮಾಡಿ, ಮತ್ತೆ ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಕ್ರಿಕೆಟ್ ನೋಡುವ ಗಂಡಸು. ಒಂದು ದಿನ ಒಳಗಿಂದ "ಸಿಕ್ಸ್!" ಎಂದು ಕೂಗಿ ಸಿಕ್ಕಿಬಿದ್ದರು.

ಮನೆಯಲ್ಲಿ ನನ್ನ ಕಡೆಗಿದ್ದವರು ಒಬ್ಬರೇ, ನಮ್ಮತ್ತೆ ಗಂಗಾಂಬಿಕೆ. ಅರವತ್ತೆಂಟು ವರ್ಷ. ಟಿ.ವಿ. ತೆಗೆಸುತ್ತೇನೆ ಅಂದಾಗ ನಾನು ದೊಡ್ಡ ಜಗಳಕ್ಕೇ ತಯಾರಾಗಿದ್ದೆ. ಹತ್ತು ವರ್ಷದಿಂದ ಸಂಜೆಯ ಧಾರಾವಾಹಿ ಒಂದನ್ನೂ ಬಿಟ್ಟವರಲ್ಲ ಅವರು. ಆದರೆ ಅವರು, "ತೆಗ್ಸು ಬುಡವ್ವಾ, ನಂಗ್ಯಾಕೆ ಆ ಗಲಾಟೆ," ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ. ನಮ್ಮತ್ತೆಯನ್ನು ನೋಡಿ ಕಲಿಯಿರಿ, ಮೊಮ್ಮಗಳಿಗೋಸ್ಕರ ಟಿ.ವಿ.ಯನ್ನೇ ಬಿಟ್ಟರು ಎಂದು.

ಮಗಳಿಗೆ ಅಜ್ಜಿ ಅಂದರೆ ಪ್ರಾಣ. ಕಳೆದ ಬೇಸಿಗೆಯಿಂದ ಅಜ್ಜಿಯ ಜೊತೆ ಪೂಜೆಗೂ ಕೂರತೊಡಗಿದ್ದಳು, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ನಮ್ಮಲ್ಲಿ ಲಿಂಗಪೂಜೆ ಎಂದರೆ ಗೊತ್ತಲ್ಲ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂರುವುದು. ಅತ್ತೆ ಅದು ಮುಗಿಯದೆ ಬಾಯಿಗೆ ಒಂದು ತೊಟ್ಟು ನೀರೂ ಹಾಕುವವರಲ್ಲ. ಪೂಜೆಗೆ ಕೂತವರನ್ನು ಕೂಗಬಾರದು, ಬಾಗಿಲು ತೆಗೆಯಬಾರದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದಿದ್ದಾನೆ ಎಂದು ಬಾಗಿಲು ತಟ್ಟಿ, ಮೂರು ದಿನ ಅತ್ತೆಯ ಮಾತಿಲ್ಲದೆ ಕಳೆದಿದ್ದೆ. ಆಮೇಲೆ ಆ ಬಾಗಿಲ ತಂಟೆಗೇ ಹೋಗಿರಲಿಲ್ಲ.

ಬೆಳಿಗ್ಗೆ ಮಗಳು ಪೂಜೆಗೆ ಕೂತಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ನೆಮ್ಮದಿಯಿಂದ ಇರುತ್ತಿದ್ದೆ. ಸದ್ಯ, ಇಷ್ಟು ಹೊತ್ತಾದರೂ ಕಣ್ಣಿಗೆ ವಿಶ್ರಾಂತಿ. ಇನ್ನೂ ಒಂದು ಖುಷಿಯಿತ್ತು. ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಓದಲು ತಿಣುಕುತ್ತಿದ್ದವಳು, ದಸರಾ ರಜೆಯ ಹೊತ್ತಿಗೆ ಒತ್ತಕ್ಷರವೆಲ್ಲ ಸಲೀಸಾಗಿ ಓದತೊಡಗಿದ್ದಳು. "ಮನೇಲಿ ಯಾರು ಹೇಳ್ಕೊಡ್ತಾರೆ?" ಎಂದು ಅವರ ಕನ್ನಡ ಮಿಸ್ ಕೇಳಿದಾಗ, "ನಾನೇ," ಎಂದು ನಾಚಿಕೆಯಿಲ್ಲದೆ ಹೇಳಿ ಬಂದಿದ್ದೆ.

ಎರಡೂಕಾಲು ಬಂದ ಮೇಲೆ ನಾನು ಪೊಲೀಸಾದೆ. ಮೊದಲು ಸಿಕ್ಕಿದ್ದು ನಮ್ಮವರೇ.

"ನಿಜ ಹೇಳ್ರೀ. ನಾನ್ ಬರೋದ್ರೊಳಗೆ ಅವ್ಳಿಗೆ ಫೋನ್ ಕೊಡ್ತೀರಾ?"

"ನಾನ್ ಬರೋದೇ ನಿನ್ ಆದ್ಮೇಲೆ ಕಣೇ. ಎಲ್ಲಿಂದ ಕೊಡ್ಲಿ?"

"ಹಂಗಾದ್ರೆ ಬೆಳಿಗ್ಗೆ?"

"ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗ್ಯೋಕೆ ಓಡ್ತೀನೋ, ಇವ್ಳಿಗೆ ಗೇಮ್ ಆಡ್ಸ್ಕೊಂಡ್ ಕೂರ್ತೀನೋ? ನಿಂಗೆ ತಲೆ ಕೆಟ್ಟಿದೆ."

ತಲೆ ಕೆಟ್ಟಿದ್ದು ನಿಜ. ಅವರ ಫೋನಿನಲ್ಲಿ ಯಾವ ಆ್ಯಪ್ ಎಷ್ಟು ಹೊತ್ತು ಓಡಿದೆ ಎಂದು ತೆಗೆದು ನೋಡಿದೆ. ಕ್ರಿಕೆಟ್ಟೇ ಕ್ರಿಕೆಟ್ಟು. ಅವರು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು.

ಆಮೇಲೆ ಕುಣಿಗಲ್ಲಿನ ಕಡೆ ನನ್ನ ಅನುಮಾನ ತಿರುಗಿತು. ನಮ್ಮವರ ತಂಗಿ ಪಲ್ಲವಿಯ ಮನೆ ಅಲ್ಲಿದೆ. ಭಾನುವಾರವಾದರೆ ಶರಣ್ಯ ಅಪ್ಪನ ಬೈಕಿನಲ್ಲಿ ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಹೋಗಿ, ಪಲ್ಲವಿಯ ಮಕ್ಕಳ ಜೊತೆ ಆಡಿ, ಸಂಜೆಗೆ ವಾಪಸ್ ಬರುತ್ತಿದ್ದಳು. ಇನ್ನೆಲ್ಲಿ, ಅಲ್ಲೇ ಇರಬೇಕು. ಪಲ್ಲವಿಗೆ ಫೋನ್ ಹಚ್ಚಿದೆ.

"ನೋಡು ಪಲ್ಲವಿ, ನಿನ್ನ ಮಕ್ಳನ್ನ ಹೆಂಗಾದ್ರೂ ಬೆಳೆಸ್ಕೋ. ನನ್ ಮಗಳ ಕೈಗೆ ಫೋನ್ ಯಾಕ್ ಕೊಡ್ತೀಯಾ? ಅವ್ಳ ಕಣ್ಣು ಹೋಗ್ತಾ ಇದೆ, ಗೊತ್ತಾ ನಿಂಗೆ?"

"ಅಯ್ಯೋ ಅತ್ತಿಗೆ, ದೇವ್ರಾಣೆ! ಇಲ್ಲಿ ಬಂದ್ರೆ ಕೆರೆ ಏರಿ ಮೇಲೆ ಸೈಕಲ್ ಹೊಡ್ಕೊಂಡು ಇರ್ತವೆ. ಫೋನು… ನೀವು ಅಮ್ಮನ್ನೇ…"

"ಅಮ್ಮನ್ನೇ ಏನು?"

"ಏನಿಲ್ಲ ಬಿಡಿ," ಎಂದು ಮಾತು ನುಂಗಿಕೊಂಡಳು.

ತನ್ನ ತಪ್ಪು ಮುಚ್ಚಿಕೊಳ್ಳಲು ಹೆತ್ತ ತಾಯಿಯನ್ನೇ ಎಳೆದು ತರುತ್ತಾಳಲ್ಲ ಎಂದು ನನಗೆ ಇನ್ನೂ ಸಿಟ್ಟು ಬಂತು. ಇನ್ನು ಮೇಲೆ ನಿಮ್ಮನೆಗೆ ಕಳಿಸಲ್ಲ ಎಂದು ಫೋನಿಟ್ಟೆ. ಆ ಭಾನುವಾರ ಶರಣ್ಯ ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಂಡು ಕೂತು ಅತ್ತಳು. ನಾನು ಕರಗಲಿಲ್ಲ. ಅತ್ತೆ ಒಳಗಿನಿಂದ, "ಮಗೂನ ಯಾಕಳಿಸ್ತೀಯವ್ವಾ, ಕಳ್ಸು," ಅಂದರು. "ನೀವು ಸುಮ್ನಿರಿ ಅತ್ತೆ, ನಿಮ್ಗೆ ಗೊತ್ತಾಗಲ್ಲ," ಅಂದೆ.

ಮಾರ್ಚಿ ತಿಂಗಳ ಒಂದು ಗುರುವಾರ ಗುಬ್ಬಿಯಲ್ಲಿ ಮಧ್ಯಾಹ್ನವೇ ಕರೆಂಟು ಹೋಯಿತು. ರಾತ್ರಿಯವರೆಗೂ ಬರುವುದಿಲ್ಲ ಎಂದು ಗೊತ್ತಾಗಿ ನಮ್ಮ ಓನರು ಬಾಗಿಲು ಹಾಕಿಸಿದರು. ದಿನಾ ಏಳು ಗಂಟೆಗೆ ಮನೆ ಸೇರುವವಳು ಅವತ್ತು ಐದೂವರೆಗೇ ಬಂದೆ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಪೂಜೆ ಕೋಣೆಯ ಬಾಗಿಲು ಮುಚ್ಚಿತ್ತು. ಸದ್ದು ಮಾಡದೆ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಮಗಳ ಧ್ವನಿ ಕೇಳಿಸಿತು. ಏನನ್ನೋ ಓದುತ್ತಿದ್ದಳು, ತಡೆದು ತಡೆದು. ವಚನವಿರಬೇಕು ಅನ್ನಿಸಿತು. ನಿಂತು ಕೇಳಿದೆ.

"ಅಜ್ಜಿ, ಈ ಲೆಟರ್ಸ್ ತುಂಬಾ ಚಿಕ್ದು."

"ಬೆರಳಲ್ಲಿ ಎಳ್ದು ದೊಡ್ದು ಮಾಡ್ಕೋ ಕಂದಾ. ಹತ್ರ ಹಿಡ್ಕೊ. ಇನ್ನೊಂದ್ ಸಲ ಓದು, ಮನಸಲ್ಲಿ ನಿಲ್ಲಿಸ್ಕೊತೀನಿ."

ಪುಸ್ತಕದ ಅಕ್ಷರವನ್ನು ಯಾರಾದರೂ ಬೆರಳಲ್ಲಿ ಎಳೆದು ದೊಡ್ಡದು ಮಾಡುತ್ತಾರಾ?

ಮಗಳು ಮತ್ತೆ ಓದಿದಳು. ಅತ್ತೆ, "ಸಾಕು, ಇನ್ನು ನಿಂದು ನೋಡ್ಕೊ. ಸೌಂಡ್ ಬೇಡ," ಅಂದರು.

ಬಾಗಿಲಿನ ಮೇಲೆ ಕೈಯಿಟ್ಟೆ. ಹತ್ತು ವರ್ಷದ ಸಂಸಾರದಲ್ಲಿ ಆ ಹೊತ್ತಿನಲ್ಲಿ ಆ ಬಾಗಿಲನ್ನು ಯಾರೂ ತೆಗೆದಿಲ್ಲ, ನಮ್ಮ ಮಾವನವರು ತೀರಿಕೊಂಡ ದಿನವೂ ಅತ್ತೆ ಪೂಜೆ ಮುಗಿಸಿಕೊಂಡೇ ಹೊರಗೆ ಬಂದಿದ್ದರು. ಹಾಳಾಗಿ ಹೋಗಲಿ ಎಂದು ತಳ್ಳಿದೆ.

ಕೋಣೆಯಲ್ಲಿ ದೀಪದ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಅತ್ತೆ ಮಣೆಯ ಮೇಲೆ ಕೂತು ಅಂಗೈಯ ಲಿಂಗವನ್ನು ನೋಡುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಮಣೆಯ ಮೇಲೆ ನನ್ನ ಮಗಳು, ಹಣೆತುಂಬ ವಿಭೂತಿ, ಅಜ್ಜಿಯ ಹಾಗೇ ಚಕ್ಕಂಬಕ್ಕಲ ಹಾಕಿ, ಅಜ್ಜಿಯ ಹಾಗೇ ಎಡ ಅಂಗೈಯನ್ನು ಮುಖದ ಹತ್ತಿರ ಹಿಡಿದು ಕೂತಿದ್ದಳು. ಅಂಗೈಯಲ್ಲಿದ್ದದ್ದು ಮೊಬೈಲು. ಮೂಗಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ. ಕಾರ್ಟೂನಿನ ಬಣ್ಣಗಳೆಲ್ಲ ಅವಳ ಕನ್ನಡಕದ ಮೇಲೆ ಓಡಾಡುತ್ತಿದ್ದವು.

ನನ್ನನ್ನು ಕಂಡವಳೇ ಅವಳು ಫೋನನ್ನು ಲಂಗದೊಳಗೆ ಮುಚ್ಚಿಕೊಂಡಳು. ಅತ್ತೆ ತಲೆಯೆತ್ತಿ ನನ್ನ ಮುಖವನ್ನೇ ನೇರವಾಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಯಾರು, ಗುರುವಾ?" ಅಂದರು. "ಇಷ್ಟ್ ಬೇಗ ಬಂದ್ಯೇನಪ್ಪಾ?"

ನನಗೂ ಅವರಿಗೂ ಮೂರು ಮೊಳದ ಅಂತರ. ಬೆನ್ನ ಹಿಂದೆ ನಡುಮನೆಯ ಟ್ಯೂಬ್‌ಲೈಟ್ ಉರಿಯುತ್ತಿದೆ. ಸೀರೆ ಉಟ್ಟು ನಿಂತ ಸೊಸೆಯನ್ನು ಪ್ಯಾಂಟು ಹಾಕಿದ ಮಗ ಅಂದುಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ಹನ್ನೊಂದು ವರ್ಷ ಕಣ್ಣು ನೋಡಿದ ನನಗೆ ಆ ಹೊತ್ತಿನಲ್ಲಿ ಕಂಡದ್ದು ಆ ಫೋನು ಮಾತ್ರ. ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಮನೆಯವರ ಮೇಲೆಲ್ಲ ಕೂಗಾಡಿದೆನಲ್ಲ, ಕಳ್ಳತನ ಇಲ್ಲಿ ನಡೆಯುತ್ತಿತ್ತಾ, ದೇವರ ಮುಂದೆ ಕೂರಿಸಿಕೊಂಡು ನನ್ನ ಮಗಳಿಗೆ ಸುಳ್ಳು ಕಲಿಸಿದಿರಾ ಎಂದೆ. ಮಗಳ ಲಂಗದಿಂದ ಫೋನ್ ಕಿತ್ತುಕೊಂಡು ನಡುಮನೆಗೆ ಎಸೆದೆ. ಅತ್ತೆ ನಿಧಾನವಾಗಿ ಲಿಂಗವನ್ನು ಕರಡಿಗೆಗೆ ಸೇರಿಸಿ, ಬೆರಳಿನಿಂದ ತಡವಿ ಮುಚ್ಚಳ ಹಾಕಿ, ಕಣ್ಣಿಗೊತ್ತಿಕೊಂಡರು.

ಆಮೇಲೆ ಏಳಲು ಗೋಡೆ ಹುಡುಕಿದರು. ಅವರ ಕೈ ಗೋಡೆಯಿರದ ಕಡೆ ಒಂದು ಸಲ ಆಡಿತು.

ಆಗ ನನಗೆ ಹೊಳೆಯಿತು. ಅವರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ನನ್ನ ಫೋನಿನ ಟಾರ್ಚ್ ಹಾಕಿದೆ. ಎರಡೂ ಕಣ್ಣಿನ ಪಾಪೆ ಬೆಳ್ಳಗೆ ತಿರುಗಿತ್ತು. ಇವತ್ತು ನಿನ್ನೆಯ ಪೊರೆಯಲ್ಲ, ಪೂರ್ತಿ ಮಾಗಿದ್ದು. ಒಂದು ಮಾರು ದೂರ ನಿಂತು ಎರಡು ಬೆರಳು ತೋರಿಸಿದೆ.

"ಎಷ್ಟು ಅತ್ತೆ?"

"ನಾಕಾ?"

ಅಕ್ಕಿ ಆರಿಸುವುದನ್ನು ಬಿಟ್ಟಾಗ ಸೋಮಾರಿತನ ಅಂದುಕೊಂಡಿದ್ದೆ. ಹೂ ಕಟ್ಟುವುದನ್ನು ನಿಲ್ಲಿಸಿದಾಗ ಬೆನ್ನುನೋವು ಅಂದಿದ್ದರು, ನಂಬಿದ್ದೆ. ಟಿ.ವಿ. ತೆಗೆಸಿದ್ದು ತ್ಯಾಗ ಎಂದು ಗುಬ್ಬಿಗೆಲ್ಲ ಸಾರಿದ್ದೆ. ಥೂ ನನ್ನ ಜನ್ಮಕ್ಕೆ! ಊರಿನವರ ಕಣ್ಣನ್ನೆಲ್ಲ ನೋಡುವ ನಾನು ದಿನಾ ಎದುರಿಗೆ ಕೂತು ಮುದ್ದೆ ಉಣ್ಣುವವರ ಕಣ್ಣನ್ನು ಒಂದು ದಿನ ನೋಡಲಿಲ್ಲ.

ನಮ್ಮವರನ್ನು ಫೋನ್ ಮಾಡಿ ಅಂಗಡಿಯಿಂದ ಕರೆಸಿದೆ. ವಿಷಯವೆಲ್ಲ ಒಂದೊಂದಾಗಿ ಹೊರಗೆ ಬಂತು. ಆ ಫೋನು ಪಲ್ಲವಿಯ ಹಳೆಯದು. ಮಠದ ಭಕ್ತರ ಗುಂಪಿನಲ್ಲಿ ದಿನಾ ಎರಡು ಹೊತ್ತು ಒಂದೊಂದು ವಚನ, ಅದರ ಅರ್ಥ, ಫೋಟೋ ಹೊಡೆದು ಹಾಕುತ್ತಾರಂತೆ. ಅದನ್ನು ಓದಲಿ ಎಂದು ಅಮ್ಮನಿಗೆ ಕೊಟ್ಟು, ಅವಳೇ ರೀಚಾರ್ಜೂ ಮಾಡಿಸುತ್ತಿದ್ದಳು. ಅತ್ತೆಗೆ ಮೊದಮೊದಲು ಓದಲು ಆಗುತ್ತಿತ್ತು, ಆಮೇಲೆ ಆಗಲಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡರು. ಅವಳು ಓದುವುದು, ಇವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪೂಜೆಗೆ ಕೂರುವುದು. ಓದಿದ್ದಕ್ಕೆ ಅವಳಿಗೆ ಉಳಿದ ಹೊತ್ತು ಕಾರ್ಟೂನು. ಫೋನು ಇರುತ್ತಿದ್ದದ್ದು ವಿಭೂತಿಯ ಪೆಟ್ಟಿಗೆಯಲ್ಲಿ.

"ಅದ್ರಿಂದ ಮಗೂ ಕಣ್ಣು ಹಾಳಾಗುತ್ತೆ ಅಂತ ನಿಮ್ಗೆ ಗೊತ್ತಿರ್ಲಿಲ್ವಾ? ದಿನಾ ಬಡ್ಕೊತಿದ್ನಲ್ಲ!"

"ನೀನು ಗೇಮು, ಟಿ.ವಿ., ಕಾಟೂನು ಅಂತಿದ್ದೆ. ಓದೋದ್ರಿಂದ ಕಣ್ ಕೆಡುತ್ತೆ ಅಂತ ನಂಗೇನ್ ಗೊತ್ತವ್ವಾ. ಆಮೇಲ್ ಒಂಚೂರು ಆಡ್ಕೊತಾಳೆ ಅಂದ್ಕೊಂಡಿದ್ದೆ. ಅವ್ಳು ಎಷ್ಟ್ ಹತ್ರ ಹಿಡ್ಕೊತಾಳೆ ಅಂತ ನಂಗ್ ಕಾಣಬೇಕಲ್ಲ," ಅಂದರು ಅತ್ತೆ.

ಇದೊಂದೇ ಕಾರಣ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ, ನನಗೂ ಗೊತ್ತು. ಆದರೆ ದಿನಕ್ಕೊಂದು ಗಂಟೆ, ಕತ್ತಲ ಕೋಣೆ, ಮೂಗಿನ ತುದಿಯಲ್ಲಿ ಫೋನು, ಸುಮಾರು ಒಂದು ವರ್ಷ. ಲೆಕ್ಕ ಹಾಕಿದಷ್ಟೂ ಸಿಟ್ಟು ಏರಿತು.

"ಕಾಣ್ತಿಲ್ಲ ಅಂತ ಒಂದ್ ಮಾತು ನಂಗೆ ಹೇಳಿದ್ರೆ ಆಗ್ತಿರ್ಲಿಲ್ವಾ ಅತ್ತೆ? ಕಾಲು ಗಂಟೆ ಆಪರೇಷನ್ನು! ನಿಮ್ಮ ಕಣ್ಣಿಗೋಸ್ಕರ ನನ್ ಮಗಳ ಕಣ್ಣು ತಿಂದ್ಬಿಟ್ರಲ್ಲ!"

ಆ ಮಾತು ಆಡಬಾರದಿತ್ತು. ಆಡಿಬಿಟ್ಟೆ. ನಮ್ಮವರು, "ಸುಮಾ!" ಎಂದು ಗದರಿದರು. ಅತ್ತೆ ಸೆರಗಿನೊಳಗೆ ಕೈ ಹಾಕಿ ಕರಡಿಗೆಯನ್ನು ಹಿಡಿದುಕೊಂಡರು.

"ನೀನೇ ಅಲ್ಲೇನವ್ವಾ ಹೇಳಿದ್ದು," ಅಂದರು. "ಪಕ್ಕದ್ಮನೆ ಮಂಜುಳಮ್ಮನ ಪೊರೆ ತೆಗ್ಸಿದಾಗ. ಇಲ್ಲೇ ಕೂತ್ಕೊಂಡು ಹೇಳ್ದೆ. ಆಪರೇಷನ್ ರೂಮಿನೊಳಗೆ ಮೈಮೇಲೆ ಒಂದು ದಾರಾನೂ ಬಿಡಲ್ಲ ಅಂತ."

ನೆನಪಾಯಿತು. ಎರಡು ವರ್ಷದ ಹಿಂದಿನ ಮಾತು. ಮಂಜುಳಮ್ಮ ತಾಳಿ ಬಿಚ್ಚುವುದಿಲ್ಲ ಎಂದು ಆಸ್ಪತ್ರೆಯಲ್ಲಿ ರಂಪ ಮಾಡಿದ್ದನ್ನು ಯಾರೋ ಹೇಳಿದ್ದರು. ನಾನು ಅದಕ್ಕೆ ಉಪ್ಪುಖಾರ ಹಚ್ಚಿ, ನಗುನಗುತ್ತ, ಒಂದು ದಾರವನ್ನೂ ಬಿಡುವುದಿಲ್ಲ ಅಂದಿದ್ದೆ. ನಾನು ಆಸ್ಪತ್ರೆಯವಳಲ್ಲ, ಅಂಗಡಿಯವಳು. ಥಿಯೇಟರಿನ ಒಳಗೆ ಏನು ಬಿಡುತ್ತಾರೆ ಏನು ಬಿಡುವುದಿಲ್ಲ ಎಂದು ನನಗೆ ಗೊತ್ತೂ ಇರಲಿಲ್ಲ. ಮಾತಿನ ಭರಾಟೆಯಲ್ಲಿ ಅಂದದ್ದು. ನನ್ನ ಲಿಂಗ ದೇವರ ಗೂಡಿನಲ್ಲಿರುತ್ತದೆ, ಹಬ್ಬಕ್ಕೆ ಮಾತ್ರ ಕೊರಳಿಗೆ ಬರುತ್ತದೆ. ಹಾಗಾಗಿ ದಾರ ಅಂದರೆ ನನಗೆ ಬರೀ ದಾರ. ಅತ್ತೆ ಕೇಳಿಸಿಕೊಂಡದ್ದು ಕರಡಿಗೆ ಕಟ್ಟಿದ ಶಿವದಾರ. ಹುಟ್ಟಿದಾಗ ಅಯ್ಯನೋರು ಕಟ್ಟಿದ ಲಿಂಗ ಮೈಯಿಂದ ಬೇರೆಯಾಗುವುದು ಜೀವ ಹೋದ ಹಾಗೆಯೇ ಎಂದು ನಂಬಿದ ಹೆಂಗಸು ಅವರು. ಹೆರಿಗೆಯಲ್ಲೂ ಬಿಚ್ಚಿದವರಲ್ಲ.

ಆ ರಾತ್ರಿ ಶರಣ್ಯ ಅಜ್ಜಿಯ ಹತ್ತಿರವೂ ಹೋಗದೆ, ನನ್ನ ಹತ್ತಿರವೂ ಬರದೆ, ಅಪ್ಪನ ಪಕ್ಕ ಕೂತು ಉಂಡಳು.

ಮಾರನೆಯ ಬೆಳಿಗ್ಗೆ ಅತ್ತೆ ಒಬ್ಬರೇ ಪೂಜೆಗೆ ಕೂತರು. ದಿನಕ್ಕಿಂತ ಬಹಳ ಹೊತ್ತು ಕೂತರು. ಬಾಗಿಲು ತೆಗೆದು ಹೊರಗೆ ಬಂದಾಗ ನಾನು ಮಗಳಿಗೆ ಜಡೆ ಹಾಕುತ್ತಿದ್ದೆ, ನಮ್ಮವರು ಬೈಕಿನ ಕೀ ಹುಡುಕುತ್ತಿದ್ದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಧ್ವನಿ ಬಂದ ಕಡೆಗೆ ಮುಖ ಮಾಡಿ ಹೇಳಿದರು.

"ಸುಮಾ, ಡಾಕ್ಟ್ರಿಗೆ ಹೇಳು. ದಾರ ಬಿಚ್ತೀನಿ."

"ಅಮ್ಮಾ…" ಅಂದರು ನಮ್ಮವರು.

"ಸುಮ್ನಿರಪ್ಪ. ಅಪ್ಪಣೆ ಕೇಳ್ಕೊಂಡಾಯ್ತು. ನಂಗೆ ಏನ್ ಪಾಪ ಬರುತ್ತೋ ಬರ್ಲಿ. ಮಗೂ ಓದ್ಕೊಂಡು ಬದುಕಬೇಕಾದ್ದು. ನಾನ್ ಕುರುಡಿಯಾಗಿ ಕೂತ್ರೆ ಅವ್ಳು ಮತ್ತೆ ನನ್ನ ಪಕ್ಕದಲ್ಲೇ ಬಂದು ಕೂರ್ತಾಳೆ. ನಾನೂ ಬೇಡ ಅನ್ನಲ್ಲ. ನನ್ ಬುದ್ಧಿ ನಂಗೆ ಗೊತ್ತು."

ಹಾಗೆ ಹೇಳಿ ಅವರು ಕೊರಳಿನ ದಾರವನ್ನು ಮುಟ್ಟಿ ನೋಡಿಕೊಂಡರು. ಹಿಂದಿನ ದಿನ ನಾನು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇದ್ದಿದ್ದರೆ ಕಾಲಿಗೆ ಬಿದ್ದಾದರೂ ತೆಗೆದುಕೊಳ್ಳುತ್ತಿದ್ದೆ. ಏನು ಮಾಡಬೇಕೋ ತೋಚದೆ ಫೋನ್ ತೆಗೆದು, ನಾವು ಗಿರಾಕಿಗಳನ್ನು ಕಳಿಸಿಕೊಡುವ ಕಣ್ಣಿನ ಆಸ್ಪತ್ರೆಗೆ ಹಚ್ಚಿದೆ. ಕೈಯಲ್ಲಿ ಎಣ್ಣೆಯಿತ್ತು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಎತ್ತಿಕೊಂಡದ್ದು ಆಪರೇಷನ್ನಿಗೆ ಹೆಸರು ಬರೆದುಕೊಳ್ಳುವ ಹುಡುಗಿ.

"ನಮ್ಮತ್ತ್ಯೋರಿಗೆ ಎರಡೂ ಕಣ್ಣು ಪೊರೆ ಮಾಗಿದೆ. ಅವ್ರು ಲಿಂಗ ಕಟ್ಟಿದಾರೆ. ಅದನ್ನ… ಒಳಗೆ ಹೋಗೋವಾಗ ತೆಗೀಲೇಬೇಕಾ?"

"ಲಿಂಗಾನಾ? ಯಾಕ್ ಮೇಡಂ ತೆಗೀಬೇಕು?" ಅಂದಳು ಅವಳು. "ನಮ್ ಕಡೆ ಬರೋರಲ್ಲಿ ಅರ್ಧಕ್ಕರ್ಧ ಲಿಂಗ ಕಟ್ಟೋರೇ. ಕೊರಳಲ್ಲೇ ಇರ್ಲಿ, ಮೇಲೆ ಬಟ್ಟೆ ಹೊದಿಸ್ತೀವಿ. ಕೆಲವ್ರು ಅಂಗೈಯಲ್ಲೇ ಹಿಡ್ಕೊಂಡು ಮಲ್ಗ್ತಾರೆ, ಅದೂ ಆಗುತ್ತೆ. ಆಮೇಲೆ ಕೆಲವು ದಿನ ತಲೆಗೆ ನೀರ್ ಹಾಕ್ಬಾರ್ದು, ಮೈಗೆ ಸ್ನಾನ ಮಾಡ್ಕೊಂಡು ಪೂಜೆಗೆ ಕೂರ್ಬೋದು. ಮೊಬೈಲ್ ಮಾತ್ರ ಒಳಗೆ ಬಿಡಲ್ಲ. ಹೆಸ್ರು ಹೇಳಿ ಮೇಡಂ, ಬುಧವಾರಕ್ಕೆ ಹಾಕ್ಲಾ?"

ಹೆಸರು ಬರೆಸಿದೆ. ಫೋನ್ ಕಟ್ಟಾಯಿತು. ಪರದೆಯ ಮೇಲೆ ಮಾತಾಡಿದ ಹೊತ್ತು ಕಾಣಿಸಿತು, ಒಂದು ನಿಮಿಷ ನಲವತ್ತು ಸೆಕೆಂಡು.

"ಇಷ್ಟೇನಾ ಸುಮಾ?" ಅಂದರು ಅತ್ತೆ.

ಅವರು ಕೇಳಲಿಲ್ಲ, ನಾನು ನೋಡಲಿಲ್ಲ. ಅತ್ತೆಯ ಮೇಲೆ ಸಿಟ್ಟು ಮಾಡಲು ಹೋದರೆ ಅದು ತಿರುಗಿ ನನ್ನ ನಾಲಿಗೆಯ ಮೇಲೇ ಬರುತ್ತಿತ್ತು. ನಮ್ಮವರು ಹೋಗಿ ತಾಯಿಯ ಪಕ್ಕ ನಿಂತುಕೊಂಡರು. ಜಡೆ ಅರ್ಧಕ್ಕೆ ನಿಂತಿತ್ತು. ಶರಣ್ಯ ತಲೆಯನ್ನು ಹಿಂದಕ್ಕೆ ಬಾಗಿಸಿ ನನ್ನನ್ನು ನೋಡಿದಳು.

"ಅಮ್ಮಾ, ಆಪರೇಷನ್ ಆದ್ಮೇಲೆ ಅಜ್ಜಿಗೆ ಪೂರ್ತಿ ಕಾಣುತ್ತಾ?"

"ಕಾಣುತ್ತೆ ಪುಟ್ಟಾ."

"ನಾನೂ ಇನ್ಮೇಲೆ ಫೋನ್ ಮುಟ್ಟಲ್ಲ. ಪ್ರಾಮಿಸ್. ನಂದೂ ವಾಪಸ್ ಸೊನ್ನೆ ಆಗುತ್ತಾ?"

ಅಂಗಡಿಯಲ್ಲಿ ಈ ಪ್ರಶ್ನೆಯನ್ನು ದಿನಾ ಯಾರಾದರೊಬ್ಬರು ಕೇಳುತ್ತಾರೆ. ಫ್ರೇಮು ಒರೆಸುತ್ತಲೋ ಚೀಟಿ ಬರೆಯುತ್ತಲೋ, ಅವರ ಮುಖ ನೋಡದೆ ಉತ್ತರ ಹೇಳಿ ಮುಗಿಸುತ್ತೇನೆ. ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ," ಅಂದೆ. "ಏರಿದ್ದು ಇಳಿಯಲ್ಲ."

ಅವಳು ಅಳಲಿಲ್ಲ. "ಹ್ಞೂಂ," ಅಂದು, ಕನ್ನಡಕ ತೆಗೆದು ಯೂನಿಫಾರಮ್ಮಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಅತ್ತೆಗೆ ಅದು ಕಾಣಿಸಿರಲಿಕ್ಕಿಲ್ಲ. ನಾನು ಹೇಳಿದ್ದು ಮಾತ್ರ ಕೇಳಿಸಿತ್ತು. ಅವರು ನೆಲದ ಮೇಲೆ ಕೂತುಬಿಟ್ಟರು.